ಬೇಡವಾದದ್ದನ್ನು ಹೊಡೆದುಹಾಕಿ

ಫಾರ್ಮಿನ ಆರನೇ ಸಾಲು.
ಪ್ರಧಮ ಭಾಷೆ: ಕನ್ನಡ / ಇಂಗ್ಲಿಷ್.
ಪಕ್ಕದಲ್ಲೇ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ
ಬೇಡವಾದದ್ದನ್ನು ಹೊಡೆದುಹಾಕಿ.

ನಾಳೆ ಶನಿವಾರ, ಮುಂಜಾನೆಯ ಸಾಲಿ.
ಹತ್ತೂವರೆಯೊಳಗೆ ಕೊಡದಿದ್ದರೆ
‘ಬಿ’ ಸೆಕ್ಷನ್ನೇ ಗತಿ ಎಂದು
ಹಾಜರಿ ಪುಸ್ತಕ ಮುಚ್ಚುತ್ತಾ ಹೇಳಿದ್ದಾರೆ ಹೊಂಬಳ ಟೀಚರ್.
‘ಎ’ ಸೆಕ್ಷನ್ನಿನಲ್ಲಿ ಇಂಗ್ಲಿಷಿಗೆ ನೂರಾ ಇಪ್ಪತ್ತೈದು.
ದಪ್ಪ ಪುಸ್ತಕ, ಉದ್ದುದ್ದ ಪದ್ಯ.
ಉತ್ತರ ಗೈಡಿನಲ್ಲಿ ಸಿಗುವುದಿಲ್ಲವಂತೆ,
ಓದಿ ನಿನಗೇನನಿಸಿತು ಎಂದು ಕೇಳುತ್ತಾರಂತೆ.
ನನಗೇನನಿಸಿತು ಎಂದು
ಕನ್ನಡದಲ್ಲೇ ಇದುವರೆಗೆ ಯಾರೂ ಕೇಳಿಲ್ಲ.

ಏಳನೇ ಇಯತ್ತೆಯಲ್ಲಿ ನನಗೆ ಬಿದ್ದದ್ದು ಅರವತ್ತೊಂದು.
ಶಕುಂತಲಾ ಕಟಗಿಗೆ ತೊಂಬತ್ತು.
ಅವಳು ಟೀಚರ ಮೇಜಿನ ಮೇಲೇ ಹಾಳೆಯಿಟ್ಟು
ಗೆರೆ ಎಳೆದಳು, ರಿಬ್ಬನ್ ಬಿಗಿದಷ್ಟು ಸಲೀಸಾಗಿ.
ನನ್ನ ಕಡೆ ತಿರುಗಿ ಟೀಚರ್,
“ನೀನೂ ಬರಬಹುದು ಕಸ್ತೂರಿ, ಆದರೆ…”
ಆ ‘ಆದರೆ’ಯನ್ನು ಬೆಟಗೇರಿಯ ತನಕ
ಚೀಲದಲ್ಲಿ ಹೊತ್ತು ತಂದಿದ್ದೇನೆ.

ರೇಲ್ವೆ ಗೇಟು ಬಿದ್ದಿತ್ತು.
ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದೆ,
ಸರಿಸಂಖ್ಯೆ ಬಂದರೆ ಇಂಗ್ಲಿಷ್.
ಐವತ್ತೆಂಟಾದ ಮೇಲೆ ಗಾರ್ಡಿನ ಡಬ್ಬಿ ಬಂತು,
ಅದನ್ನು ಹಿಡಿಯಬೇಕೋ ಬಿಡಬೇಕೋ ತಿಳಿಯಲಿಲ್ಲ.

ಅವ್ವ ಬಿಲ್ ಬುಕ್ಕುಗಳ ಬೆನ್ನಿಗೆ ಅಂಟು ಬಳಿಯುತ್ತಾ,
“ಯಾವುದು ಸಸಾರ ಅದನ್ನ ತಗೋ” ಎಂದಳು.
ನಾಲ್ಕು ಬುಕ್ಕು ಕಳೆದ ಮೇಲೆ,
“ಸಸಾರ ಅಂತನ ನಾನೂ ಈ ಕೆಲಸ ಹಿಡದೆ.”

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ.
ಆದರೆ ಸ್ಟೇಷನ್ ರೋಡಿನ ಎಷ್ಟೋ ಡಾಕ್ಟರರ, ವಕೀಲರ
ಇಂಗ್ಲಿಷ್ ಚೀಟಿಗಳ ಮೊಳೆ ಜೋಡಿಸಿದ್ದು ಅವನ ಬೆರಳೇ.
ಸಣ್ಣ ಬಿ ಯಾವುದು, ಸಣ್ಣ ಡಿ ಯಾವುದು
ಕರೆಂಟು ಹೋದರೂ ತಡವಿ ಹೇಳುತ್ತಾನೆ.
ಸೀಮೆಎಣ್ಣೆಯಲ್ಲಿ ಶಾಯಿ ತೊಳೆದುಕೊಳ್ಳುತ್ತಾ ಅಂದ:
“ಇಂಗ್ಲಿಷಿನ್ಯಾಗ ನಂದೊಂದೂ ತಪ್ಪು ಬಂದಿಲ್ಲ ನೋಡವಾ.
ಗೊತ್ತಿಲ್ಲಲಾ, ಹಂಗಾಗಿ ಒಂದೊಂದ ಅಕ್ಷರ
ತಿರುವಿ ತಿರುವಿ ನೋಡಿ ಇಡತಿದ್ದೆ.
ತಪ್ಪಾಗಿದ್ದೆಲ್ಲಾ ಕನ್ನಡದಾಗ.
ಸಂಶಿಯವರ ಲಗ್ನಪತ್ರಿಕಿ, ‘ವಧು’ವಿನ ಕೊಂಬು ಬಿದ್ದು
‘ವಧ’ ಆತು. ಮುನ್ನೂರು ಪ್ರತಿ.
ಗೊತ್ತೈತಿ ಅಂತ ನೋಡಲೇ ಇಲ್ಲ.
ಮತ್ತ ಹೊಡದುಕೊಟ್ಟೆ, ನನ್ನ ಪಗಾರದಾಗ.”

ಹಾಗಾದರೆ ಯಾವುದು ಹೊಡೆಯಲಿ ಅಪ್ಪಾ?
“ನಾ ತಪ್ಪಿನ ಮಾತು ಹೇಳಿದೆ,
ಸೆಕ್ಷನ್ನಿಂದಲ್ಲ,” ಎಂದು ರೊಟ್ಟಿ ಮುರಿದ.

ರಾತ್ರಿ, ಓಣಿಯ ಪರವೀನಕ್ಕನಿಂದ ತಂದ
‘ಎ’ ಸೆಕ್ಷನ್ನಿನ ಪುಸ್ತಕ ತೆರೆದೆ.
ಮೊದಲ ಪದ್ಯದಲ್ಲಿ ಒಬ್ಬ ಮುದುಕ, ಒಂದು ನಾಯಿ.
ಗೊತ್ತಿಲ್ಲದ ಹನ್ನೊಂದು ಪದಗಳನ್ನು
ಮೊಳೆಯಂತೆ ಒಂದೊಂದೇ ಹಿಡಿದು
ನಿಘಂಟಿನ ಖಾನೆಗಳಲ್ಲಿ ಹುಡುಕಿದೆ. ಸಿಕ್ಕವು.
ಆದರೂ ಮುದುಕ ನಾಯಿಗೆ
ನಾನು ಬಾವಿ, ನಾನು ಬಾವಿ ಎಂದೇ ಹೇಳುತ್ತಿದ್ದ.
ಅರ್ಧ ತಾಸು ಆ ಬಾವಿಯಲ್ಲಿ ಇಣುಕಿದೆ,
ಎಷ್ಟು ಆಳದ ದುಃಖವೋ ಎಂದುಕೊಂಡೆ.
ವೆಲ್ ಅಂದರೆ ಬಾವಿ, ಮೂರನೇ ಇಯತ್ತೆಯಲ್ಲೇ ಬಾಯಿಪಾಠ,
ನಿಘಂಟು ಯಾಕೆ ಬೇಕು?
ಬೇಕಿತ್ತು.
ಆರಾಮಿದ್ದೇನೆ ಎನ್ನುತ್ತಿದ್ದ ಪಾಪ.

ಒಬ್ಬಳೇ ನಕ್ಕೆ. ಅವ್ವ ಮಗ್ಗುಲಾದಳು.
ಆ ಬಾವಿಯೂ ಸುಳ್ಳಲ್ಲ ಅನಿಸಿತು.
ಇದನ್ನು ಯಾರಿಗಾದರೂ ಹೇಳಬೇಕು ಅನಿಸಿತು,
ಹೇಳಿದರೆ ಅಂಕ ಕೊಡುವ ತರಗತಿ
ಒಂದಿದೆಯಲ್ಲ ಎಂದೂ.

ಮತ್ತೆ ಫಾರ್ಮ್ ತೆಗೆದೆ. ಈ ಸಲ ಅಪ್ಪನ ಹಾಗೆ,
ಒಂದೊಂದೇ ಅಕ್ಷರ.
ಆರನೇ ಸಾಲಿನ ಮೊದಲ ಪದದಲ್ಲಿ
‘ಥ’ದ ಹೊಟ್ಟೆಯಲ್ಲಿ ಚುಕ್ಕಿಯೇ ಇಲ್ಲ.
ಟೀಚರ್ ನೋಡಿಲ್ಲ. ತೊಂಬತ್ತು ಪಡೆದವಳೂ ನೋಡಿಲ್ಲ.
ನಾನು ಎಂಟು ದಿನದಿಂದ ನೋಡುತ್ತಲೇ ಇದ್ದೆ.

ಪೆನ್ನಿನ ಮೊನೆಯಿಂದ ಮೊದಲು ಆ ಚುಕ್ಕಿ ಇಟ್ಟೆ.
ಆಮೇಲೆ ಇಂಗ್ಲಿಷ್ ಎಂಬುದರ ಸುತ್ತ
ಒಂದು ದುಂಡು ಗೆರೆ.
ಬೇಡವಾದದ್ದು ಆ ಸಾಲಿನಲ್ಲಿ ಇರಲಿಲ್ಲ,
ಯಾವುದನ್ನೂ ಹೊಡೆಯಲಿಲ್ಲ.

ಸೂಚನೆ ಓದಿಲ್ಲವೇನೇ ಎಂದು ಟೀಚರ್ ನಾಳೆ
ಇನ್ನೊಂದು ಹಾಳೆ ಕೊಟ್ಟಾರು.
ಕೊಡಲಿ,
ಅದರಲ್ಲೂ ಚುಕ್ಕಿ ಇರುವುದಿಲ್ಲ.